ಹಾಲು ಕಾಣದ ಕ್ಯಾನು

ನಮ್ಮ ಅಡಿಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಸ್ಟೀಲಿನ ಹಾಲಿನ ಕ್ಯಾನೊಂದು ನೇತುಬಿದ್ದಿದೆ. ಮುಚ್ಚಳ ಸ್ವಲ್ಪ ಸಡಿಲ ಎಂಬುದನ್ನು ಬಿಟ್ಟರೆ ಅದರಲ್ಲಿ ಯಾವ ವೈಶಿಷ್ಟ್ಯವೂ ಇಲ್ಲ. ಕೃಷ್ಣರಾಜಪೇಟೆಯಂಥ ಊರಿನಲ್ಲಿ ಹಾಲಿನ ಕ್ಯಾನಿಲ್ಲದ ಮನೆ ಯಾವುದು ಹೇಳಿ? ಆದರೆ ಈ ಕ್ಯಾನು ದಿನಬೆಳಗಾದರೆ ನನ್ನ ಜೊತೆ ಕೆರೆ ಏರಿಯ ಆಚೆ ತುದಿಯವರೆಗೆ ಹೋಗಿ ಬರುತ್ತದೆಂದೂ, ಇದುವರೆಗೆ ನನ್ನ ಕೈಯಲ್ಲಿ ಅದು ಒಂದು ತೊಟ್ಟು ಹಾಲನ್ನೂ ಕಂಡಿಲ್ಲವೆಂದೂ ಹೇಳಿದರೆ ನೀವು ನನ್ನ ಬುದ್ಧಿಸ್ತಿಮಿತದ ಬಗ್ಗೆ ಏನಾದರೂ ತಿಳಿದುಕೊಂಡೀರಿ. ತಿಳಿದುಕೊಳ್ಳುವ ಮುನ್ನ ಪೂರ್ತಿ ಕೇಳಿ.

ನಾನು ಬೂಕನಕೆರೆಯ ಒಂದು ಶಾಲೆಯಲ್ಲಿ ಕನ್ನಡ ಟೀಚರು. ದಿನವೂ ಬಸ್ಸಿನಲ್ಲಿ ಓಡಾಟ. ಯಜಮಾನರಿಗೆ ಪಾಂಡವಪುರದಲ್ಲಿ ಕೆಲಸ. ಮಕ್ಕಳಿಬ್ಬರಲ್ಲಿ ಮಗನಿಗೆ ಕಾಲುಚೀಲದ ಜೋಡಿ ಎಂದೂ ಸಿಗುವುದಿಲ್ಲ, ಮಗಳಿಗೆ ನಾನು ಹಾಕಿದ ಜಡೆ ಎಂದೂ ಒಪ್ಪಿಗೆಯಾಗುವುದಿಲ್ಲ. ಈ ಸಂಸಾರಸಾಗರದಲ್ಲಿ ಈಜುತ್ತಿರುವುದೇ ಸಾಕಷ್ಟು ವ್ಯಾಯಾಮವೆಂದು ನಾನು ಭಾವಿಸಿದ್ದೆ. ಹಾಗಲ್ಲವೆಂದು ಹೇಳಿದವರು ಡಾಕ್ಟರು. ‘ಸಕ್ಕರೆ ಹೊಸ್ತಿಲಲ್ಲಿ ನಿಂತಿದೆ. ಬೇಸಿಗೆ ರಜೆಯವರೆಗೆ ದಿನವೂ ಚೆನ್ನಾಗಿ ನಡೆದು ನೋಡಿ; ಇಳಿಯದಿದ್ದರೆ ಮಾತ್ರೆ ಶುರುಮಾಡೋಣ’ ಎಂದರು. ನನಗೆ ಹೆದರಿಕೆಯಾಯಿತು. ಇದೇ ಕಾಯಿಲೆ ನನ್ನ ತಾಯಿಯ ಕಾಲನ್ನು ತಿಂದಿದ್ದನ್ನು ನಾನು ಕಣ್ಣಾರೆ ಕಂಡವಳು. ನನ್ನ ಮಗಳಿಗೆ ಇನ್ನೂ ರಿಬ್ಬನ್ನು ಕಟ್ಟಿಕೊಳ್ಳಲು ಬರುವುದಿಲ್ಲ.

ಮೊದಲು ಮನೆಯೊಳಗೇ ಪ್ರಯತ್ನಿಸಿದೆ. ಟೀವಿಯಲ್ಲಿ ವ್ಯಾಯಾಮ ಹೇಳಿಕೊಡುವಾಕೆ ಬಗ್ಗಿದಾಗ ಬಗ್ಗಿದೆ; ಅವಳು ಏಳುವ ಹೊತ್ತಿಗೆ ಕರೆಂಟು ಹೋಯಿತು, ನಾನು ಏಳಲು ಅತ್ತೆಯ ಸಹಾಯ ಬೇಕಾಯಿತು. ಮಗಳ ಹಗ್ಗ ತೆಗೆದುಕೊಂಡು ಜಿಗಿದೆ. ಶೆಲ್ಫಿನ ಮೇಲಿನ ತಟ್ಟೆ ಲೋಟಗಳು ನನಗಿಂತ ಉತ್ಸಾಹದಿಂದ ಜಿಗಿದವು. ಕಡೆಗೆ ಮುದ್ದೆಗೆ ಎಸರಿಡುವ ಮುಂಚಿನ ಮುಕ್ಕಾಲು ಗಂಟೆಯನ್ನು ಅತ್ತೆ ನನಗೆ ದಯಪಾಲಿಸಿದರು. ಒಂದು ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು, ಕೈ ಬೀಸಿಕೊಂಡು, ರಸ್ತೆಗಿಳಿದೆ.

ನಮ್ಮ ಸೀಮೆಯಲ್ಲಿ ಹೆಂಗಸು ಬೆಳಗಿನ ಜಾವ ಬರಿಗೈಯಲ್ಲಿ ಬಿರುಸಾಗಿ ನಡೆಯಬಾರದು ಎಂಬುದು ಯಾವ ಪಠ್ಯದಲ್ಲೂ ಇಲ್ಲದ ಪಾಠ. ಏರಿಯ ಬುಡದಲ್ಲಿ ನಿಂಗೇಗೌಡರೆಂಬ ವೃದ್ಧರೊಬ್ಬರು ಎಮ್ಮೆ ಹೊಡೆದುಕೊಂಡು ಎದುರಾದರು. ‘ಎಲ್ಗೆ ಒಂಟೆ ಕಣವ್ವ ಇಷ್ಟೊತ್ಗೇ?’ ಎಂದರು. ‘ಸುಮ್ಮನೆ’ ಎಂದೆ. ಇಷ್ಟು ಅನುಮಾನಾಸ್ಪದವಾದ ಉತ್ತರ ಇನ್ನೊಂದಿಲ್ಲವೆಂದು ನನಗೆ ತಿಳಿದಿರಲಿಲ್ಲ. ಏರಿ ಹತ್ತಿ, ಏದುಸಿರು ಬಿಡುತ್ತಾ, ನೀರಿನ ಕಡೆ ತಿರುಗಿ ನಿಂತೆನೋ ಇಲ್ಲವೋ, ಹಿಂದಿನಿಂದ ಎಮ್ಮೆಯನ್ನೂ ಬಿಟ್ಟು ಓಡಿಬಂದ ಗೌಡರು ನನ್ನ ರಟ್ಟೆ ಹಿಡಿದುಬಿಟ್ಟರು.

‘ಬ್ಯಾಡ ಕಣವ್ವ, ಬ್ಯಾಡ! ಏನೇ ಬಂದಿರ್ಲಿ, ಮಕ್ಳ ಮಕ ನೋಡು!’

‘ಅಯ್ಯೋ, ಡಾಕ್ಟ್ರು ನಡೀಬೇಕು ಅಂದಿದಾರೆ ಗೌಡ್ರೆ.’

‘ಡಾಕ್ಟ್ರು ಕೆರೆ ತಾವ್ಕೇ ಓಗು ಅಂದ್ರಾ?’

ಪ್ರತಿವಾದಕ್ಕೆ ಅವಕಾಶವೇ ಇಲ್ಲದಂತೆ ನನ್ನನ್ನು ಮನೆಯ ಬಾಗಿಲವರೆಗೂ ಕರೆತಂದು, ಹಲ್ಲುಜ್ಜುತ್ತ ನಿಂತಿದ್ದ ಯಜಮಾನರಿಗೆ, ‘ಎಂಡ್ರುನ್ನ ಚೆಂದಾಗ್ ನೋಡ್ಕಳಿ ಸ್ವಾಮಿ’ ಎಂದು ಬುದ್ಧಿ ಹೇಳಿದರು. ಬಾಯ್ತುಂಬ ನೊರೆ ತುಂಬಿದ್ದ ಆ ನಿರಪರಾಧಿಗೆ ಉತ್ತರ ಕೊಡಲೂ ಆಗಲಿಲ್ಲ. ಒಳಗಿಂದ ಬಂದ ಅತ್ತೆ ಗೌಡರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಏನೋ ಹೇಳಿ ಕಳಿಸಿದರು. ಆದರೆ ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿಯಾಗಿತ್ತು. ಅಕ್ಕಪಕ್ಕದವರು ನನಗೆ ಸಾರು ಪಲ್ಯ ಕಳಿಸಿದರು, ಯಜಮಾನರನ್ನು ಓರೆಗಣ್ಣಿನಿಂದ ನೋಡಿದರು. ‘ನೀನು ನಡೆದದ್ದಕ್ಕೆ ನಿನ್ನ ಸಕ್ಕರೆ ಇಳಿಯಿತೋ ಇಲ್ಲವೋ, ನನ್ನ ಮರ್ಯಾದೆಯಂತೂ ಇಳಿಯಿತು’ ಎಂದು ಅವರು ಪೇಚಾಡಿದರು.

ಆಗ ಅತ್ತೆ ಅಟ್ಟದಿಂದ ಈ ಕ್ಯಾನನ್ನು ಇಳಿಸಿದ್ದು. ‘ಇದ ಇಡ್ಕಂಡೋಗು. ಕೈಲಿ ಕ್ಯಾನಿದ್ರೆ ಯಾರೂ ಕೇಳಕಿಲ್ಲ’ ಎಂದರು. ಯಾರೂ ಕೇಳಲಿಲ್ಲ! ಹೋಗುವಾಗ ಹಾಲು ತರಲು ಹೋಗುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಬರುವಾಗ ಹಾಲು ತರುತ್ತಿದ್ದೇನೆ ಎಂದುಕೊಳ್ಳಲೆಂದು ನಾನು ಭುಜ ಇಳಿಬಿಟ್ಟು, ಆಗಾಗ ಕೈ ಬದಲಾಯಿಸುತ್ತಾ, ಭಾರವನ್ನು ಅಭಿನಯಿಸುತ್ತೇನೆ. ಶಾಲಾ ವಾರ್ಷಿಕೋತ್ಸವದಲ್ಲಿ ಮರವಾಗಿ ನಿಂತದ್ದನ್ನು ಬಿಟ್ಟರೆ ನಾಟಕದ ಅನುಭವವಿಲ್ಲದ ನನಗೆ ನನ್ನ ಅಭಿನಯಕೌಶಲದ ಬಗ್ಗೆ ಒಳಗೊಳಗೇ ಜಂಬ ಬಂದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಆ ಮುಕ್ಕಾಲು ಗಂಟೆ ಯಾರೂ ‘ಅಮ್ಮಾ’ ಎಂದು ಕೂಗುವುದಿಲ್ಲ. ಕಬ್ಬಿನ ಗಾಡಿಗಳು ಕಿರುಗುಟ್ಟಿಕೊಂಡು ಹೋಗುತ್ತವೆ, ಕೆರೆಯ ಮೇಲೆ ಮಂಜು ಎದ್ದಿರುತ್ತದೆ, ನನ್ನ ಯೋಚನೆ ಪೂರ್ತಿ ನನ್ನದೇ ಆಗಿರುತ್ತದೆ. ಮದುವೆಯಾದ ಮೇಲೆ ಅಷ್ಟು ಸುಖ ನನಗೆ ಸಿಕ್ಕಿದ್ದು ಕಡಿಮೆ.

ಆದರೂ ನಿಲ್ಲಿಸಿಬಿಟ್ಟೆ. ಮಗಳಿಗೆ ಜ್ವರ ಬಂತು, ಅದು ಬಿಡುವಷ್ಟರಲ್ಲಿ ತಿದ್ದಬೇಕಾದ ಪರೀಕ್ಷೆಯ ಉತ್ತರ ಪತ್ರಿಕೆಗಳು ಬಂದವು, ಅವು ಮುಗಿಯುವಷ್ಟರಲ್ಲಿ ಸೋಮಾರಿತನ ಬಂದು ಹಾಸಿಗೆಯಲ್ಲಿ ಖಾಯಂ ಆಯಿತು. ಬೇಸಿಗೆ ರಜೆ ಹತ್ತಿರ ಬರುತ್ತಿತ್ತು. ಅಮ್ಮನ ಕಾಲು ನೆನಪಾಗುತ್ತಿತ್ತು. ನೆನಪಾದಾಗಲೆಲ್ಲ ಮಗ್ಗುಲು ಬದಲಿಸಿ ಮಲಗುತ್ತಿದ್ದೆ.

ಒಂದು ಸಂಜೆ ನಿಂಗೇಗೌಡರು ಗೇಟಿನ ಬಳಿ ಬಂದು ನಿಂತರು.

‘ಯಾಕವ್ವ, ನಿನ್ ನಡಿಗೆ ನಿಂತೋಯ್ತಲ್ಲ? ಸಕ್ರೆ ಕಾಯ್ಲೆ ಜಾಸ್ತಿಯಾಯ್ತಾ?’

ನಾನು ಗಾಂಭೀರ್ಯ ಬಿಡದೆ, ‘ಹಾಲು ಈಗ ಮನೆಗೇ ಬರುತ್ತೆ ಗೌಡ್ರೆ’ ಎಂದೆ.

ಗೌಡರು ಬೊಚ್ಚುಬಾಯಿ ತೆರೆದು ನಕ್ಕರು. ‘ಯಾವ ಆಲು, ಬುಡವ್ವ! ನಿನ್ ಕ್ಯಾನು ಗಣಗಣ ಅನ್ನೋದು ಊರ್ಗೇ ಕೇಳ್ತದೆ. ಆಲಿರೋ ಕ್ಯಾನು ಅಂಗ್ ಮಾತಾಡ್ತದಾ? ನಿಮ್ಮತ್ತೆ ಅವತ್ತೇ ಎಲ್ಲ ಯೋಳಿದ್ರು. ಯಾರೂ ಕೇಳ್ಬ್ಯಾಡ್ರಿ, ಕೇಳುದ್ರೆ ನಾಚ್ಕಂಡು ನಿಲ್ಲುಸ್ಬುಡ್ತಾಳೆ ಮಗ ಅಂತ ನಾನೇ ಏರಿ ಮ್ಯಾಲ್ ತಿರ್ಗಾಡೋರ್ಗೆಲ್ಲ ಯೋಳಿವ್ನಿ.’

‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆಯನ್ನು ವರ್ಷ ವರ್ಷವೂ ಮಕ್ಕಳಿಂದ ವಿಸ್ತರಿಸಿ ಬರೆಯಿಸುವವಳು ನಾನು. ಖಾಲಿ ಕ್ಯಾನನ್ನು ಊರ ತುಂಬ ಬಾರಿಸಿಕೊಂಡು ತಿರುಗಿದ್ದೆ. ಊರು ಕಿವಿ ಮುಚ್ಚಿಕೊಂಡು ಮರ್ಯಾದೆ ಕಾಪಾಡಿತ್ತು. ಅಷ್ಟರಲ್ಲಿ ಗೌಡರ ದನಿ ತಗ್ಗಿತು.

‘ನಮ್ಮನೇವ್ಳೂ ಇದೇ ಕಾಯ್ಲೇಲೆ ಓದ್ಲು ಕಣವ್ವ. ನಡಿ ಅಂತ ಅವ್ಳಿಗೆ ಯೋಳೋರಿರ್ನಿಲ್ಲ. ಬೆಳಿಗ್ಗೆ ನಿನ್ ಸದ್ದು ಕೇಳ್ದಿದ್ರೆ ನಂಗೆ ಎದೆ ಜಲ್ ಅಂತದೆ.’

ಮರುದಿನ ಬೆಳಿಗ್ಗೆ ಎದ್ದೆ. ಎಲ್ಲರಿಗೂ ಗೊತ್ತಿರುವ ಮೇಲೆ ವೇಷವೇಕೆಂದು ಬರಿಗೈಯಲ್ಲೇ ಹೊರಟೆ. ಏರಿಯ ಬುಡದಲ್ಲಿ ಯಾರೋ ಪರ ಊರಿನವನು ಮೊಪೆಡ್ಡು ನಿಲ್ಲಿಸಿ, ‘ಯಾಕಕ್ಕಾ, ಮನೇಲೇನಾರ ಜಗ್ಳವಾ?’ ಎಂದ. ಅಲ್ಲಿಂದಲೇ ಹಿಂದಿರುಗಿ ಕ್ಯಾನು ತೆಗೆದುಕೊಂಡೆ.

ರಜೆಯಲ್ಲಿ ಡಾಕ್ಟರು ರಿಪೋರ್ಟು ನೋಡಿ, ಕನ್ನಡಕ ಸರಿಮಾಡಿಕೊಂಡು, ‘ಸದ್ಯಕ್ಕೆ ಮಾತ್ರೆ ಬೇಡ. ಏನು ಮಾಡಿದಿರಿ?’ ಎಂದು ಕೇಳಿದರು. ‘ದಿನಾ ಹಾಲು ತರೋಕೆ ಹೋಗ್ತಿದ್ದೆ’ ಎಂದೆ. ಅಷ್ಟು ಹಾಲು ಕುಡಿಯುವುದೂ ಒಳ್ಳೆಯದಲ್ಲ ಎಂದು ಎಚ್ಚರಿಕೆ ಕೊಟ್ಟು ಕಳಿಸಿದರು. ಮನೆಗೆ ಬರುವವರೆಗೂ ನಕ್ಕೆ.

ಮೊನ್ನೆ ಯಜಮಾನರು ಕ್ಯಾನಿನ ಮುಚ್ಚಳವನ್ನು ಬಿಗಿ ಮಾಡಿಸಿಕೊಂಡು ಬರುತ್ತೇನೆಂದು ಚೀಲಕ್ಕೆ ಹಾಕಿಕೊಂಡಿದ್ದರು. ಕಿತ್ತುಕೊಂಡು ಮತ್ತೆ ಮೊಳೆಗೆ ತಗುಲಿಹಾಕಿದೆ. ಏರಿಯ ಆಚೆ ತುದಿಯಲ್ಲಿ ಗೌಡರ ಕೊಟ್ಟಿಗೆಯಿದೆ. ಅದರ ಹತ್ತಿರ ಹೋದಾಗ ನಾನೀಗ ಬೇಕೆಂದೇ ಕೈಯನ್ನು ಸ್ವಲ್ಪ ಜೋರಾಗಿ ಬೀಸುತ್ತೇನೆ. ಗೋಡೆಯ ಹಿಂದೆ ಒಂದು ಕೆಮ್ಮು ಕೇಳುತ್ತದೆ. ಆಮೇಲೆ ಎಮ್ಮೆಗೆ ಹೇಳುವ ಮಾತು.

‘ಏಳವ್ವ ಏಳು. ಟೀಚರಮ್ಮ ಬಂದ್ರು.’