ಕರ್ನಲ್ ಸಾಹೇಬರು ಅಗಲವಾದದ್ದು

ಮೊನ್ನೆ ವಡೋದರಾ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಮಸಾಲೆ ದೋಸೆಗೆ ಕಾಯುತ್ತಾ ಕೂತಿದ್ದೆ. ಗಲ್ಲಾದ ಮೇಲೆ ಹಾರ ಹಾಕಿದ ಹಳೇ ಯಜಮಾನರ ಫೋಟೋ. ಕೆಳಗೆ ಕನ್ನಡದಲ್ಲಿ, 'ನಮ್ಮನ್ನು ಅಗಲಿದ ಹಿರಿಯರು.' ನಾನು ಕಿಸಕ್ಕನೆ ನಕ್ಕೆ. ಅಪ್ಪ ಮೇಜಿನ ಕೆಳಗೆ ಕಾಲು ತುಳಿದರು. ತುಳಿಯಲಿ. ನಿಮಗಾದರೂ ಕಾರಣ ಹೇಳಬೇಕಲ್ಲ, ಕೇಳಿ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟು. ಬ್ಯಾಂಕಿನವರು ಅಪ್ಪನನ್ನು ಸೂರತ್ತಿಗೆ ಹಾಕಿದ್ದರು. ಶನಿವಾರ ಬಂದು ಸೋಮವಾರ ಮಾಯ. ಅಮ್ಮ ಆಫೀಸಿಗೆ ಹೋದರೆ ಇಡೀ ಮನೆಗೆ ಕನ್ನಡ ಓದಬಲ್ಲ ಮಹಾ ವಿದುಷಿ ನಾನೊಬ್ಬಳೇ. ಒತ್ತಕ್ಷರ ಬಂದರೆ ಮಾತ್ರ, ಸ್ಪೀಡ್‌ಬ್ರೇಕರ್ ಮೇಲೆ ಸ್ಕೂಟರ್ ಹಾರಿಸಿದ ಹಾಗೆ ಹಾರಿಸಿಬಿಡುತ್ತಿದ್ದೆ. ಅಜ್ಜಿಗೆ ಓದು ಬಾರದು. ಎದುರು ಮನೆಯ ಕೋಕಿಲಾಬೆನ್ ಅಜ್ಜಿಯನ್ನು 'ಬಾ' ಎನ್ನುತ್ತಿದ್ದರು. ಗುಜರಾತಿಯಲ್ಲಿ ಅದು ಅಮ್ಮ. ಮೊದಮೊದಲು ಅಜ್ಜಿ, ಆಕೆ 'ಬಾ' ಎಂದಾಗಲೆಲ್ಲ ಎದ್ದು ಅವರ ಮನೆಗೇ ಹೋಗಿಬಿಡುತ್ತಿದ್ದರು. ಸ್ನೇಹ ಬೆಳೆದದ್ದೇ ಹಾಗೆ.

ಒಂದು ಮಧ್ಯಾಹ್ನ ಮಿಲಿಟರಿಯಲ್ಲಿದ್ದ ಚಿಕ್ಕಪ್ಪನ ಇನ್‌ಲ್ಯಾಂಡ್ ಕಾಗದ ಬಂತು. ಚಿಕ್ಕಪ್ಪನ ಲೆಕ್ಕದಲ್ಲಿ ಅವರ ಕರ್ನಲ್ ಸಾಹೇಬರು ದೇವರಿಗಿಂತ ಒಂದು ರ‍್ಯಾಂಕ್ ಮೇಲೆ. ಪಂಜಾಬಿನ ಆ ಮನುಷ್ಯ ಚಿಕ್ಕಪ್ಪನಿಂದ 'ಊಟ ಆಯ್ತಾ' ಕಲಿತು, ಬೆಳಗಿನ ಪರೇಡಿನಲ್ಲೂ ಅದನ್ನೇ ಕೇಳುತ್ತಿದ್ದರಂತೆ.

"ಏನ್ ಬರ್ದಿದಾನೆ, ಬೇಗ ಹೇಳೇ," ಎಂದರು ಅಜ್ಜಿ.

ಜೋರಾಗಿ ಓದಿದರೆ ನನ್ನ ಪಾಂಡಿತ್ಯ ಬಯಲಾಗುತ್ತದೆ. ಹಾಗಾಗಿ ಮನಸ್ಸಿನಲ್ಲೇ ಓದಿ ಸಾರಾಂಶ ಹೇಳುವುದು ನನ್ನ ಪದ್ಧತಿ. ಕಾಗದದಲ್ಲಿ ಇದ್ದದ್ದು ಇಷ್ಟು: 'ನಮ್ಮ ಸಾಹೇಬರು ನಮ್ಮನ್ನು ಅಗಲಿದರು. ಹೆಚ್ಚು ಬರೆಯುವಂತಿಲ್ಲ. ಅವರ ಮೇಡಂ ಈ ತಿಂಗಳು ಕ್ವಾರ್ಟರ್ಸಿನಲ್ಲಿ ಇರುತ್ತಾರೆ. ಹೋಗಿ ಏನು ಹೇಳಲಿ? ನನಗೆ ಬಾಯೇ ಬರುತ್ತಿಲ್ಲ. ನೀನೇ ಹೇಳಮ್ಮ.'

ಅಗಲ ನನಗೆ ಗೊತ್ತಿತ್ತು. ಉದ್ದ, ಅಗಲ, ಎತ್ತರ.

"ಸಾಹೇಬ್ರು ದಪ್ಪ ಆಗ್ಬಿಟ್ಟಿದಾರಂತೆ ಅಜ್ಜಿ. ಚಿಕ್ಕಪ್ಪಂಗೆ ತುಂಬ ಬೇಜಾರು. ಮೇಡಂಗೆ ಏನ್ ಹೇಳ್ಲಿ ಅಂತ ನಿಮ್ಮನ್ನ ಕೇಳಿದಾರೆ."

"ಅದಕ್ಕೆ ಅಷ್ಟೊಂದು ಸಂಕೋಚ ಯಾಕಂತೆ ಇವ್ನಿಗೆ," ಎಂದು ಅಜ್ಜಿ ಕೋಕಿಲಾಬೆನ್‌ರನ್ನು ಕರೆಸಿದರು. ನಮ್ಮ ಹಾಲಿನಲ್ಲಿ ವೈದ್ಯಕೀಯ ಮಂಡಳಿ ಕೂತಿತು.

"ಬಾ, ಪಹಲೇ ಚಾವಲ್ ಬಂದ್ ಕರಾವೋ," ಎಂದರು ಕೋಕಿಲಾಬೆನ್.

"ಬರಿ," ಎಂದು ಅಜ್ಜಿ ನನ್ನ ಕಡೆ ತಿರುಗಿದರು. "ರಾತ್ರಿ ಹೊತ್ತು ಅನ್ನ ಬಿಡಿಸ್ಬೇಕು. ನೆನೆಸಿದ ಮೆಂತ್ಯ, ಬರೀ ಹೊಟ್ಟೇಲಿ. ತುಪ್ಪದ ಡಬ್ಬ ಮೇಡಂ ಎಲ್ಲಾದ್ರೂ ಬಚ್ಚಿಡ್ಲಿ."

ಅರ್ಧ ಇನ್‌ಲ್ಯಾಂಡ್ ತುಂಬಿತು. ಅಷ್ಟರಲ್ಲಿ ನನ್ನ ಕಲ್ಪನೆಯ ಸಾಹೇಬರು ಟ್ಯಾಂಕಿನೊಳಗೆ ಹಿಡಿಸದೆ ಅದರ ಮೇಲೆ ಕೂತು ಯುದ್ಧಕ್ಕೆ ಹೊರಟಿದ್ದರು.

ಸಂಜೆ ಅಮ್ಮ ಬಂದು ಚಿಕ್ಕಪ್ಪನ ಕಾಗದ ಎತ್ತಿಕೊಂಡರು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು, ಇನ್ನೊಂದು ಬಿಡಲಿಲ್ಲ.

"ಅಗಲಿದರು ಅಂದ್ರೆ ತೀರ್ಕೊಂಡ್ರು ಅಂತ ಕಣೇ."

ಇನ್ನೂ ಅಲ್ಲೇ ಕೂತಿದ್ದ ಕೋಕಿಲಾಬೆನ್‌ಗೆ ಯಾರೂ ಅನುವಾದ ಮಾಡಬೇಕಾಗಲಿಲ್ಲ. ಅಜ್ಜಿ ಅಮ್ಮನ ಕೈಯಿಂದ ಕಾಗದ ತೆಗೆದುಕೊಂಡು ಮಡಿಸಿದರು. ತಾತ ಹೋದಾಗ ಬಂದವರೆಲ್ಲ ಏನೇನೋ ಹೇಳಿದ್ದರಂತೆ, ಒಂದೂ ನೆನಪಿಲ್ಲವಂತೆ. ಕೊನೆಗೆ ನನ್ನನ್ನೇ ಕರೆದರು.

"ಬರಿ. ಏನೂ ಹೇಳ್ಬೇಡ ಮಗ. ಹೋಗಿ ಕೂತ್ಕೋ. ಊಟ ಹಾಕಿದ್ರೆ ಬೇಡ ಅನ್ಬೇಡ."

ಮನೆಯಲ್ಲಿ ಬೇರೆ ಇನ್‌ಲ್ಯಾಂಡ್ ಇರಲಿಲ್ಲ. ಮೆಂತ್ಯದ ಮೇಲೆ ಗೀಟು ಎಳೆದು ಅದರ ಕೆಳಗೇ ಬರೆದೆ.

ಚಿಕ್ಕಪ್ಪನ ಮುಂದಿನ ಕಾಗದವನ್ನು ಅಜ್ಜಿ, ಅಮ್ಮ ಬರುವವರೆಗೂ ಮಡಿಲಿನಲ್ಲೇ ಇಟ್ಟುಕೊಂಡಿದ್ದರು. ನನ್ನ ನೌಕರಿ ಹೋಗಿತ್ತು. ಚಿಕ್ಕಪ್ಪ ಹೋಗಿ ಕೂತರಂತೆ. ಆಮೇಲೆ ಮೇಡಂ, ಮನೆಯಿಂದ ಕಾಗದ ಬಂತಾ ಎಂದರಂತೆ. ಚಿಕ್ಕಪ್ಪ ಜೇಬಿನಿಂದ ತೆಗೆದು ಹಿಂದಿಯಲ್ಲಿ ಓದಿ ಹೇಳಿದರು, ಗೀಟು ಹಾಕಿದ್ದನ್ನೂ ಬಿಡದೆ. ಅನ್ನ ಬಿಡಿಸಿ ಎಂಬಲ್ಲಿಗೆ ಮೇಡಂ, ಮದುವೆಯಾದಾಗಿನಿಂದ ನಾನೂ ಅದನ್ನೇ ಹೇಳಿದೆ, ಕೇಳಿದರೆ ತಾನೆ, ಎಂದು ನಕ್ಕರಂತೆ. ನಗು ಮುಗಿಸಲಾಗದೆ ಎದ್ದು ಒಳಗೆ ಹೋದರಂತೆ. ಮುಖ ತೊಳೆದು ಬಂದು ಊಟ ಬಡಿಸಿದರು. ಚಿಕ್ಕಪ್ಪ ಬೇಡ ಅನ್ನಲಿಲ್ಲ.

ಇತ್ತ ಹೋಟೆಲಿನಲ್ಲಿ ಅಷ್ಟರಲ್ಲಿ ದೋಸೆ ಬಂತು. ತಂದಿಟ್ಟವರು, ಮೂಗು ನೋಡಿದರೇ ಗೊತ್ತು, ಫೋಟೋದಲ್ಲಿದ್ದವರ ಮಗನೇ. ನಾನು ನಕ್ಕದ್ದು ಕೇಳಿಸಿತ್ತೋ ಏನೋ, ಮುಖ ಗಂಟಿಕ್ಕಿಕೊಂಡಿದ್ದರು. ಕ್ಷಮೆ ಕೇಳೋಣವೆಂದರೆ ನನಗೂ ಬಾಯಿ ಬರಲಿಲ್ಲ.

"ನಿಮ್ಮ ತಂದೆಯವ್ರು ಹೇಗಿದ್ರು?" ಎಂದು ಕೇಳಿದೆ.

ಅವರು ನನ್ನನ್ನೇ ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದು ಕುರ್ಚಿ ಎಳೆದುಕೊಂಡರು.

"ಬೈತಿದ್ರು ಮಾರಾಯ್ತಿ," ಎಂದು ಕೂತರು. "ಬೆಳಿಗ್ಗೆ ಶಟರ್ ತೆಗೆದಲ್ಲಿಂದ ಬೈತಿದ್ರು."