ಇದೆ ಅಂತ ಮಾತ್ರ ಗೊತ್ತು

ಜಯನಗರದ ಒಂದು ಚಿಕ್ಕ ಕ್ಲಿನಿಕ್ಕಿಗೆ ಹಳೇ ಕೇಸ್ ನೋಟ್ಸ್ ಹುಡುಕೋಕೆ ಪುಟ್ಟ ಡೇಟಾಬೇಸ್ ಮಾಡಿಕೊಟ್ಟಿದ್ದೆ. ಕಂಪ್ಯೂಟರ್ ಹಳೇದು, ಡಿಸ್ಕಲ್ಲಿ ಜಾಗವಿಲ್ಲ, ಹೊಸದು ತರೋಕೆ ಡಾಕ್ಟರು ಸುತರಾಂ ಒಪ್ಪಲಿಲ್ಲ. ಅದಕ್ಕೇ ಯಾವ ಪದ ಯಾರ ನೋಟ್ಸಲ್ಲಿದೆ ಅನ್ನೋದನ್ನಷ್ಟೇ ಅದರಲ್ಲಿಟ್ಟೆ. ಪದಗಳ ಕ್ರಮವಿಲ್ಲ, ವಾಕ್ಯವಿಲ್ಲ. ವಾಕ್ಯ ಬೇಕಾದರೆ ಮೂಲ ಫೈಲನ್ನೇ ತೆರೆಯಬೇಕು. "ಆ ಫೈಲುಗಳನ್ನ ಮುಟ್ಟಬೇಡಿ ಸಾರ್" ಅಂತ ಹೇಳಿಯೂ ಬಂದಿದ್ದೆ.

ಮೊನ್ನೆ ಪ್ರಿಂಟರ್ ಸರಿಮಾಡೋಕೆ ಅದೇ ಕ್ಲಿನಿಕ್ಕಿಗೆ ಹೋಗಿದ್ದಾಗ ತ್ಯಾಗರಾಜನಗರದಿಂದ ಒಬ್ಬ ಹೆಂಗಸು ಓಡಿಬಂದರು. ಗಂಡ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾರಂತೆ.

"ಇಲ್ಲೇ ಒಂದ್ಸಲ ಯಾವ್ದೋ ಇಂಜೆಕ್ಷನ್ ಆಗ್ದೆ ಮೈಯೆಲ್ಲ ಊದ್ಕೊಂಡಿತ್ತು ಮೇಡಂ. ಯಾವ್ದು ಅಂತ ಅಲ್ಲಿ ಕೇಳ್ತಿದಾರೆ."

ಗಂಡನ ಹೆಸರಿನ ಜೊತೆ 'ಅಲರ್ಜಿ' ಅಂತ ಹುಡುಕಿದೆ. ತಕ್ಷಣ ಸಿಕ್ಕಿತು. ತೆರೆಯೋಕೆ ಹೋದರೆ ಫೈಲೇ ಇಲ್ಲ.

"ಹಳೇ ಫೈಲೆಲ್ಲ ಡಿಲೀಟ್ ಮಾಡಿಸ್ದೆ" ಅಂದರು ಡಾಕ್ಟರು. "ಹುಡುಕಿದ್ರೆ ಎಲ್ಲಾ ಸಿಗ್ತಿತ್ತಲ್ಲಮ್ಮ!"

ಬೈಯೋಕೂ ಪುರುಸೊತ್ತಿರಲಿಲ್ಲ. ಡಾಕ್ಟರು ಒಂದೊಂದೇ ಔಷಧಿಯ ಹೆಸರು ಹೇಳಿದರು, ನಾನು ಟೈಪ್ ಮಾಡಿದೆ. ಎರಡು ಹೆಸರಿಗೆ ಇದೆ ಅಂತ ಬಂತು. ಒಂದು ಆಕೆಯ ಗಂಡನಿಗೆ ಆಗದೇ ಇದ್ದದ್ದು, ಇನ್ನೊಂದು ಆಮೇಲೆ ಬದಲಿಗೆ ಕೊಟ್ಟದ್ದು ಇರಬೇಕು. ಯಾವುದು ಯಾವುದು ಅಂತ ಹೇಳೋಕೆ ಆ ವಾಕ್ಯವೇ ಬೇಕಿತ್ತು.

"ಎರಡೂ ಬೇಡ ಅನ್ನಿ" ಅಂದರು ಡಾಕ್ಟರು.

ಆಕೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ, ನನ್ನ ಕಡೆ ತಿರುಗಿದರು.

"ಎರಡ್ರಲ್ಲಿ ಒಂದು ಕೊಡ್ಲೇಬೇಕಂತೆ. ಇದೆ ಅಂತ ತೋರಿಸ್ತಿದೆಯಲ್ಲ ಮೇಡಂ, ಯಾವ್ದು ಹೇಳ್ಲಿ?"

ಫೋನ್ ಇನ್ನೂ ಅವರ ಕಿವಿಯಲ್ಲೇ ಇತ್ತು. ಆ ಫೈಲು ಎಲ್ಲಾದರೂ ಉಳಿದಿದೆಯಾ ಅಂತ ಇನ್ನೊಮ್ಮೆ ಹುಡುಕಿದೆ, ಸಿಗಲಿಲ್ಲ. ಡಿಸ್ಕಲ್ಲಿ ಮಾತ್ರ ಈಗ ಬೇಕಾದಷ್ಟು ಜಾಗವಿತ್ತು.