ಆಳವಾಗಿ ಅಗೆಯಿರಿ

ನಮ್ಮ ಆಟದಲ್ಲಿ ಈಗ ನಿಧಿ ಎಂಬ ಪದವಿಲ್ಲ. ಅಗೆಯುವುದೂ ಇಲ್ಲ, ಜೀವ ಹೋಗುವುದೂ ಇಲ್ಲ. ಉತ್ತರ ಸರಿಯಿದ್ದರೆ ಫೋನು "ಸರಿ" ಎನ್ನುತ್ತದೆ, ತಪ್ಪಿದ್ದರೆ "ಇನ್ನೊಮ್ಮೆ ನೋಡಿ" ಎನ್ನುತ್ತದೆ. ಇಷ್ಟು ಸಪ್ಪೆ ಮಾಡಿದರೆ ಮಕ್ಕಳು ಆಡುತ್ತಾರೆಯೇ ಎಂದು ಅದನ್ನು ತಯಾರಿಸಿದ ಕಂಪನಿಯ ಹುಡುಗರು ಕೇಳಿದರು. ಆಡುತ್ತಾರೆ. ಸಪ್ಪೆ ಮಾಡಿಸಿದ್ದು ಯಾಕೆ ಎಂಬುದನ್ನು ಬರೆದಿಡೋಣ ಎನಿಸಿದೆ.

ನಾನು ಚಿಂತಾಮಣಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹುಟ್ಟಿದ್ದು ಗೌರಿಬಿದನೂರು, ಮನೆ ಚಿಕ್ಕಬಳ್ಳಾಪುರ, ಆಯುಷ್ಯದ ಒಂದು ಪಾಲು ಬಸ್ಸು. ಕೊನೆಯ ವರ್ಷದವರಿಗೆ ಕ್ಷೇತ್ರಕಾರ್ಯ ಎಂಬುದೊಂದಿದೆ. ಹಳ್ಳಿಗಳಿಗೆ ಹೋಗಿ ಶಾಸನ, ವೀರಗಲ್ಲು, ಕಲ್ಯಾಣಿ, ಹಳೆಯ ಗುಡಿಗಳನ್ನು ನೋಡಿ, ಅಳೆದು, ವರದಿ ಬರೆಯಬೇಕು. ಮೊದಲೆಲ್ಲ ಇದು ಒಂದು ವ್ಯಾನು, ಗುಡಿಯ ಮುಂದೆ ಒಂದು ಗುಂಪು ಫೋಟೋ, ಹುಣಸೆಮರದ ಕೆಳಗೆ ಪುಳಿಯೋಗರೆ, ಇಷ್ಟರಲ್ಲಿ ಮುಗಿಯುತ್ತಿತ್ತು. ವರದಿಯನ್ನು ಹಿಂದಿನ ವರ್ಷದವರಿಂದ ಪಡೆದು ಹೆಸರು ಬದಲಾಯಿಸಿ ಕೊಡುತ್ತಿದ್ದರು. ಒಬ್ಬ ಪುಣ್ಯಾತ್ಮ ಹೆಸರನ್ನೂ ಬದಲಾಯಿಸಿರಲಿಲ್ಲ. ಬೈದರೆ, "ಕಲ್ಲು ಅದೇ ಅಲ್ವಾ ಮೇಡಂ, ವರ್ಷ ವರ್ಷ ಏನ್ ಬದಲಾಗುತ್ತೆ?" ಎಂದ.

ಆಮೇಲೆ ಚಿಕ್ಕಬಳ್ಳಾಪುರದಲ್ಲಿ ಅಧ್ಯಾಪಕರಿಗೆ ಒಂದು ತರಬೇತಿ ನಡೆಯಿತು. ಮನೆಗೆ ಹತ್ತಿರ, ಆ ದಿನ ಬಸ್ಸು ಹತ್ತಬೇಕಿಲ್ಲ, ಊಟವೂ ಇದೆ ಎಂದು ಹೋದೆ. ಆ ಕಂಪನಿಯ ಗಡ್ಡ ಬಿಟ್ಟ ಹುಡುಗನೊಬ್ಬ ಕ್ಷೇತ್ರಕಾರ್ಯವನ್ನು ಫೋನಿನ ಆಟ ಮಾಡುವುದು ಹೇಗೆಂದು ಹೇಳಿಕೊಟ್ಟ. ಗೇಮಿಫಿಕೇಷನ್ ಎಂಬ ಪದವನ್ನು ಉಪ್ಪಿನಕಾಯಿಯ ಹಾಗೆ ಪ್ರತಿ ಮಾತಿನ ಜೊತೆಗೂ ಬಡಿಸಿದ. ಕೇಳುವಾಗ ನನಗೆ ಆಕಳಿಕೆ ಬಂತು. ಆದರೆ ಆಟ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಮಕ್ಕಳು ಒಂದು ಕಲ್ಲಿನ ಹತ್ತಿರ ಬಂದರೆ ಫೋನಿಗೆ ತಾನಾಗಿ ಗೊತ್ತಾಗುತ್ತದೆ. ಪ್ರಶ್ನೆ ತೆರೆದುಕೊಳ್ಳುತ್ತದೆ. ಅಳತೆ ಕೊಡಬೇಕು, ಫೋಟೋ ಹಾಕಬೇಕು, ಕೆತ್ತನೆಯಲ್ಲಿ ಏನಿದೆ ಎಂದು ಹೇಳಬೇಕು. ಯಾರ ತಂಡಕ್ಕೆ ಎಷ್ಟು ಅಂಕ ಎಂಬುದು ಎಲ್ಲರಿಗೂ ಕಾಣುತ್ತದೆ. ನಮ್ಮ ಕಾಲೇಜಿಗೂ ಅದನ್ನು ತಂದ ಮೇಲೆ, ಗುಡಿಯ ಮುಂದೆ ಸೆಲ್ಫಿ ತೆಗೆದುಕೊಂಡು ಬರುತ್ತಿದ್ದ ಮಕ್ಕಳು ಮುಳ್ಳುಪೊದೆಯೊಳಗೆ ನುಗ್ಗಿ ಕಲ್ಲು ಹುಡುಕತೊಡಗಿದರು. ನಮ್ಮ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ವೀರಗಲ್ಲನ್ನು ಬಟ್ಟೆ ಒಗೆಯುವ ಜಾಗದಲ್ಲಿ ಪತ್ತೆ ಮಾಡಿದರು. ನನಗೆ ನಿಜವಾಗಿ ಖುಷಿಯಾಯಿತು.

ಪ್ರಶ್ನೆಗಳನ್ನು ಬರೆದವಳು ನಾನು. ನಡುನಡುವೆ ಫೋನು ಆಡುವ ಮಾತುಗಳು ಮಾತ್ರ ಕಂಪನಿಯವು. ಮೂಲ ಇಂಗ್ಲಿಷ್, ಕನ್ನಡಕ್ಕೆ ತಂದದ್ದು ಕಂಪ್ಯೂಟರು. ಕಲ್ಲಿನ ಹತ್ತಿರ ಬಂದಾಗ "ನಿಧಿ ಸಮೀಪದಲ್ಲಿದೆ" ಎನ್ನುತ್ತಿತ್ತು. ಇನ್ನಷ್ಟು ಗಮನವಿಟ್ಟು ನೋಡಿ ಎನ್ನಬೇಕಾದ ಕಡೆ "ಆಳವಾಗಿ ಅಗೆಯಿರಿ" ಎನ್ನುತ್ತಿತ್ತು. ಉತ್ತರ ತಪ್ಪಿದರೆ "ಒಂದು ಜೀವ ಹೋಯಿತು. ಇನ್ನೆರಡು ಜೀವ ಬಾಕಿ ಇವೆ." ಹೇಳುವ ಹೆಣ್ಣುದನಿಗೆ ದುಃಖವೂ ಇಲ್ಲ, ಸಂತೋಷವೂ ಇಲ್ಲ. ತರಗತಿಯಲ್ಲಿ ಕೇಳಿಸಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಆ ವರ್ಷ ಎಲ್ಲರಿಗಿಂತ ಮುಂದಿದ್ದದ್ದು ಮೂವರು ಹುಡುಗಿಯರ ತಂಡ. ಅದನ್ನು ನಡೆಸುತ್ತಿದ್ದವಳು ಸಾದಲಿಯ ಹತ್ತಿರದ ಹಳ್ಳಿಯವಳು, ರೇಷ್ಮೆ ಹುಳು ಸಾಕುವವರ ಮನೆಯ ಹುಡುಗಿ. ಸವೆದ ಕಲ್ಲನ್ನು ನೋಡಲು ಟಾರ್ಚನ್ನು ಎದುರಿಗೆ ಹಿಡಿಯಬಾರದು, ಪಕ್ಕದಿಂದ ತಗ್ಗಿಸಿ ಹಿಡಿಯಬೇಕು, ಆಗ ಅಳಿಸಿಹೋದ ಗೆರೆಗೂ ನೆರಳು ಬೀಳುತ್ತದೆ ಎಂದು ನಾನು ಪಾಠದಲ್ಲಿ ಒಂದು ಸಲ ಹೇಳಿದ್ದೆ. ಉಳಿದವರು ಕೇಳಿ ಮರೆತರು. ಇವಳು ಹಗಲು ಹೊತ್ತಿನಲ್ಲಿ ದುಪಟ್ಟಾ ಹೊದಿಸಿ ಕತ್ತಲು ಮಾಡಿಕೊಂಡು ಅದನ್ನು ಮಾಡುತ್ತಿದ್ದಳು.

ಅವಳಿಗೆ ಎಂ.ಎ. ಮಾಡುವ ಆಸೆ. ಮನೆಯಲ್ಲಿ ಮಾತು ನಡೆಯುವುದು ದೊಡ್ಡಪ್ಪನದು. "ಓದ್ಲಿ, ಆದ್ರೆ ಅವಳ ಬಗ್ಗೆ ಒಂದ್ ಮಾತು ನನ್ ಕಿವಿಗ್ ಬಿದ್ರೆ ಅವತ್ತಿಗೇ ಕಾಲೇಜು ಬಂದ್" ಎಂದಿದ್ದರಂತೆ. ಒಂದು ಮಾತು ಅಂದರೆ ಎಂಥ ಮಾತು ಎಂದು ಕೇಳಿದೆ.

"ಎಂಥ ಮಾತಾದ್ರೂ ಮೇಡಂ. ನಿಜ ಸುಳ್ಳು ಅಂತ ಏನಿಲ್ಲ."

"ನಿಮ್ಮಪ್ಪ ಏನಂತಾರೆ?"

"ಅಪ್ಪ ಏನೂ ಅನ್ನಲ್ಲ. ದೊಡ್ಡಪ್ಪನ ಮಾತಿಗೆ ಎದುರಾಡಿದ್ದು ನಾನಂತೂ ನೋಡಿಲ್ಲ."

ನಾವು ಹೋದದ್ದು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ಹಳ್ಳಿಗೆ. ಕೆರೆಯ ಏರಿಯ ಈ ತುದಿಯಲ್ಲಿ ಒಂದು ವೀರಗಲ್ಲು, ಆ ತುದಿಯಲ್ಲಿ ಒಂದು ಕಲ್ಯಾಣಿ. ನಾನು ಬೇರೆ ಮಕ್ಕಳ ಜೊತೆ ಕಲ್ಯಾಣಿಯ ಹತ್ತಿರ ಇದ್ದೆ. ಹುಡುಗಿಯರು ಕಲ್ಲಿನ ಹತ್ತಿರ ಇದ್ದರು. ಕಲ್ಲು ಯಾವಾಗಲೋ ಮುರಿದು, ಮೇಲಿನ ತುಂಡು ಕೆತ್ತನೆ ಮೇಲ್ಮುಖವಾಗಿ ನೆಲದ ಮೇಲೆ ಬಿದ್ದಿತ್ತು. ಊರಿನವರು ಅದಕ್ಕೆ ಈರಣ್ಣ ಎನ್ನುತ್ತಾರೆ.

ಮುಂದೆ ಆದದ್ದನ್ನು ಊರಿನವರ ಕಣ್ಣಿನಿಂದ ನೋಡಿದರೆ ತಪ್ಪೇನೂ ಕಾಣುವುದಿಲ್ಲ. ಕೆಲವು ತಿಂಗಳ ಹಿಂದೆ ಯಾರೋ ಆ ಊರಿನ ಬಸವಣ್ಣನ ಬುಡ ಅಗೆದು ಮುರಿದು ಹೋಗಿದ್ದರು. ನಿಧಿ ಎತ್ತುವವರು ಬಲಿ ಕೊಡುತ್ತಾರೆ ಎಂಬುದು ಈ ಕಡೆ ಎಲ್ಲರೂ ಕೇಳಿಕೊಂಡು ಬೆಳೆದ ಮಾತು. ಹೊಲಕ್ಕೆ ಹೋಗುತ್ತಿದ್ದ ಒಬ್ಬರಿಗೆ ಏನು ಕಂಡಿತೆಂದರೆ, ಗುರುತಿಲ್ಲದ ಮೂವರು ಹೆಣ್ಣುಮಕ್ಕಳು ಈರಣ್ಣನ ಮೇಲೆ ಬಟ್ಟೆ ಮುಚ್ಚಿ, ಹಗಲಲ್ಲಿ ಬೆಳಕು ಹಚ್ಚಿ, ಬಗ್ಗಿ ಕೂತಿದ್ದಾರೆ. ಅಕ್ಷರ ಎದ್ದು ಕಾಣಲೆಂದು ಸವರಿದ್ದ ಮೈದಾ ಹಿಟ್ಟು ಸುತ್ತಲೂ ಚೆಲ್ಲಿದೆ. ಬಟ್ಟೆಯ ಒಳಗಿನಿಂದ ಒಂದು ಹೆಣ್ಣುದನಿ, ನಿಧಿ ಸಮೀಪದಲ್ಲಿದೆ, ಆಳವಾಗಿ ಅಗೆಯಿರಿ ಎನ್ನುತ್ತಿದೆ. ಸ್ವಲ್ಪ ಹೊತ್ತಿನ ಮೇಲೆ ಅದೇ ದನಿ, ಒಂದು ಜೀವ ಹೋಯಿತು, ಇನ್ನೆರಡು ಜೀವ ಬಾಕಿ ಇವೆ ಎನ್ನುತ್ತದೆ. ಅವತ್ತು ಅಮಾವಾಸ್ಯೆ ಬೇರೆ. ಕಾಲೇಜಿನ ಕ್ಯಾಲೆಂಡರಿನಲ್ಲಿ ಅದೆಲ್ಲ ಇರುವುದಿಲ್ಲ.

ಗಲಾಟೆ ಕೇಳಿ ನಾನು ಏರಿಯ ಮೇಲೆ ಓಡಿ ಬರುವಷ್ಟರಲ್ಲಿ ಅರ್ಧ ಊರು ಸೇರಿತ್ತು. ಇಬ್ಬರು ಹುಡುಗಿಯರು ಅಳುತ್ತಿದ್ದರು. ಸಾದಲಿ ಕಡೆಯವಳು ಕೆದರಿದ ಕೂದಲಲ್ಲಿ ಬಿದ್ದ ಕಲ್ಲಿನ ತುಂಡಿನ ಪಕ್ಕಕ್ಕೇ ಅಂಟಿಕೊಂಡು ನಿಂತಿದ್ದಳು. ಹೆದರಿ ಅಲ್ಲಿಂದ ಕದಲಲಾಗದೆ ನಿಂತಿದ್ದಾಳೆ ಎಂದು ನಾನು ತಿಳಿದೆ. ನಾಲ್ಕೈದು ಜನ ಅವಳ ಮುಖಕ್ಕೆ ಫೋನು ಹಿಡಿದಿದ್ದರು.

ನಾನು ಗುರುತಿನ ಚೀಟಿ ತೋರಿಸಿದೆ. ಕಾಲೇಜಿನ ಹೆಸರು ಹೇಳಿದೆ. ಇದು ಫೋನಿನಲ್ಲಿರುವ ಒಂದು ಆಟ, ನಿಧಿ ಎಂದರೆ ನಿಜವಾದ ನಿಧಿಯಲ್ಲ ಎಂದೆ. ಮುಂದೆ ಕೂತಿದ್ದ ಒಬ್ಬ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಅವರ ಮನೆಯವರೇ ತಲೆತಲಾಂತರದಿಂದ ಆ ಕಲ್ಲಿಗೆ ದೀಪ ಇಡುವವರು ಎಂದು ಆಮೇಲೆ ತಿಳಿಯಿತು.

"ಆಟಾನಾ?" ಎಂದರು ಅಜ್ಜಿ. "ಸತ್ತೋನ್ ಕಲ್ ಮುಂದೆ ಆಟಾನಾ ತಾಯಿ? ಎಷ್ಟ್ ಜೀವ ಹೋಯ್ತು ಅಂತ ಎಣಿಸೋ ಆಟಾನಾ?"

ಊರಿಗಾಗಿ ಕಾದಾಡಿ ಜೀವ ಬಿಟ್ಟವನ ನೆನಪಿಗೆ ನೆಟ್ಟದ್ದು ವೀರಗಲ್ಲು ಎಂದು ನಾನೇ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ನನಗೆ ಸಿಟ್ಟು ಬಂದಿತ್ತು. ಮೊದಲು ಆ ಫೋನು ಹಿಡಿದವರ ಮೇಲೆ, ಆಮೇಲೆ ಆಟದ ಆ ಕನ್ನಡದ ಮೇಲೆ.

ಅಷ್ಟರಲ್ಲಿ ಪಂಚಾಯಿತಿ ಸದಸ್ಯರೊಬ್ಬರು ಬೈಕಿನಲ್ಲಿ ಬಂದರು. ನಮ್ಮ ಕಾಲೇಜಿಗೆ ಫೋನು ಮಾಡಿ ವಿಚಾರಿಸಿದರು. ಆಟ ಹಾಕಿ ತೋರಿಸಿ ಎಂದರು. ಸಾದಲಿ ಕಡೆಯವಳು ಹಾಕಿದಳು. "ಕಲ್ಲಿನ ಕೆಳಗಿನ ಹಂತದಲ್ಲಿ ವೀರನ ಕೈಯಲ್ಲಿ ಏನಿದೆ?" ಎಂದು ನಾನು ಬರೆದ ಪ್ರಶ್ನೆ ಬಂತು. ಗುಂಪಿನಲ್ಲಿ ಯಾರೋ ಕತ್ತಿ ಎಂದರು, ಇನ್ಯಾರೋ ಬಿಲ್ಲು ಎಂದರು. ಅಜ್ಜಿ, "ಕತ್ತೀನೇ. ದಿನಾ ಎಣ್ಣೆ ಇಕ್ಕೋಳ್ಗೆ ಗೊತ್ತಿಲ್ವಾ?" ಎಂದರು. ಕತ್ತಿ ಒತ್ತಿದೆವು. ಫೋನು ಅಭಿನಂದನೆ ಹೇಳಿತು. ಜನ ನಕ್ಕರು, ಗುಂಪು ಸಡಿಲಾಯಿತು. ಅಜ್ಜಿ ನಗಲಿಲ್ಲ. ಹುಡುಗಿಯ ಗಲ್ಲ ಹಿಡಿದು ತೆಲುಗಿನಲ್ಲಿ, "ಎವರಿ ಪಿಲ್ಲವಮ್ಮಾ ನುವ್ವು?" ಎಂದು ಯಾರ ಮಗಳೆಂದು ಕೇಳಿದರು. ಅವಳು ಅಪ್ಪನ ಹೆಸರು ಹೇಳಿದಳು. ಒಂದು ಮನೆಯಲ್ಲಿ ಟೀ ಕೊಟ್ಟರು, ಕುಡಿದೆವು.

ವ್ಯಾನು ಚಿಂತಾಮಣಿ ಮುಟ್ಟುವ ಮೊದಲೇ ವಿಡಿಯೋ ನಮ್ಮ ಫೋನುಗಳಿಗೇ ಬಂದಿತ್ತು. ನಿಧಿಗಳ್ಳಿಯರು ಸಿಕ್ಕಿಬಿದ್ದರು, ಎಲ್ಲರಿಗೂ ಕಳಿಸಿ ಎಂದು ಮೇಲೆ ಬರೆದಿತ್ತು. ಶುರುವಿನಲ್ಲೇ ಇವಳ ಮುಖ. ಮುಂದೆ ನೋಡುವ ಧೈರ್ಯ ನನಗಾಗಲಿಲ್ಲ, ಫೋನು ಬ್ಯಾಗಿಗೆ ಹಾಕಿದೆ.

"ದೊಡ್ಡಪ್ಪ ನೋಡಿರ್ತಾರೆ ಮೇಡಂ" ಎಂದಳು. ಅಷ್ಟೇ. ಅಳಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತಳು. ನಾನೂ ಅವಳ ಜೊತೆ ಅವಳ ಊರಿಗೆ ಹೋದೆ.

ಮನೆ ತಲುಪಿದಾಗ ಸಂಜೆ. ಅವಳ ಅಪ್ಪ ಹುಳು ಮನೆಯಲ್ಲಿದ್ದರು. ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ಹಂತ, ಕಳೆದು ಎದ್ದಿದ್ದವು. ಗೂಡು ಕಟ್ಟುವ ಮುಂಚಿನ ಆ ದಿನಗಳಲ್ಲಿ ಹುಳುವಿನ ಹಸಿವಿಗೆ ಲೆಕ್ಕವಿಲ್ಲ, ಯಾರು ಬಂದರೂ ಸೊಪ್ಪು ಹಾಕುವುದನ್ನು ನಿಲ್ಲಿಸುವ ಹಾಗಿಲ್ಲ. ಅವರು ಬಾಗಿಲಿಗೆ ಬಂದು, "ಕೂತ್ಕಳಿ ಮೇಡಂ, ಸೊಪ್ಪಾಕ್ಬುಟ್ಟು ಬರ್ತೀನಿ" ಎಂದು ಒಳಗೆ ಹೋದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ನಾನು ಜಗುಲಿಯ ಮೇಲೆ ಕೂತು, ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಇತಿಹಾಸದ ಮಹತ್ವ, ಹುಡುಗಿಯ ಬುದ್ಧಿವಂತಿಕೆ, ಭಾಷಾಂತರದ ದೋಷ. ಯಾವುದೂ ಆ ಜಗುಲಿಯ ಮೇಲೆ ನಿಲ್ಲುವ ಮಾತಾಗಿ ಕಾಣಲಿಲ್ಲ.

ಅವರು ಕೈ ತೊಳೆದು ಬಂದು ನನ್ನ ಎದುರು ಕೂತರು. ಅವರ ಫೋನು ಹೊಡೆದುಕೊಂಡಿತು. ನೋಡಿದರು, ತೆಗೆಯಲಿಲ್ಲ. "ನಮ್ಮಣ್ಣ. ಆವಾಗ್ಲಿಂದ ಮಾಡ್ತಾವ್ರೆ" ಎಂದರು. ರಿಂಗು ನಿಂತ ಮೇಲೆ ವಿಡಿಯೋ ತೆರೆದರು. ನಾನು ಮಾತು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು. "ಒಂದ್ನಿಮಿಷ ಇರಿ ಮೇಡಂ. ಇದೊಂದ್ ಕೇಳಿ" ಎಂದು ಫೋನನ್ನು ನನ್ನ ಕಡೆ ಹಿಡಿದರು.

ನಾನು ಏರಿಯ ಆ ತುದಿಯಲ್ಲಿದ್ದಾಗ ತೆಗೆದ ವಿಡಿಯೋ ಅದು. ಮೊದಲು ಬರೀ ಕೂಗಾಟ, ಹಿಡಿಯಿರಿ, ಫೋನು ಕಿತ್ತುಕೊಳ್ಳಿ ಎಂಬ ದನಿಗಳು. ನುಗ್ಗುವ ಜನರ ಕಾಲುಗಳು ಬಿದ್ದ ಕಲ್ಲಿನ ಹತ್ತಿರ ಹತ್ತಿರ ಬರುತ್ತವೆ. ಓಡಲು ಪಕ್ಕದಲ್ಲಿ ದಾರಿಯಿದೆ. ಇವಳು ಓಡುವುದಿಲ್ಲ. ಎರಡೂ ಕೈ ಅಗಲಿಸಿ ಕಲ್ಲಿಗೆ ಅಡ್ಡ ನಿಲ್ಲುತ್ತಾಳೆ. ಯಾರೋ ಅವಳ ಜಡೆ ಹಿಡಿದು ಎಳೆಯುತ್ತಾರೆ. ಆ ಗದ್ದಲದೊಳಗೆ ಅವಳ ದನಿ ಕಿವಿಗೊಟ್ಟರೆ ಕೇಳುತ್ತದೆ. "ಅಣ್ಣಾ, ನನ್ನ ಏನಾರ ಮಾಡ್ರಿ, ಕಲ್ ತುಳೀಬೇಡ್ರಿ. ಅಣ್ಣಾ, ಅಕ್ಷರ ಐತೆ, ಕಲ್ ತುಳೀಬೇಡ್ರಿ."

ಮಧ್ಯಾಹ್ನದಿಂದ ನಾನು ಆ ಹುಡುಗಿಯನ್ನು ಹೆದರಿದವಳೆಂದೇ ನೋಡಿದ್ದೆ. ನನ್ನ ಕಣ್ಣು ತುಂಬಿತು, ಮರೆಮಾಡಲು ಆಗಲಿಲ್ಲ. ಅವಳು ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು.

ಅಪ್ಪ ಅದೇ ಭಾಗವನ್ನು ಮತ್ತೆ ಹಾಕಿ ಕೇಳಿದರು. ಆಮೇಲೆ ಮನೆಯವರೆಲ್ಲ ಇರುವ ಗ್ರೂಪು ತೆರೆದರು. ಆ ವಿಡಿಯೋವನ್ನು ದೊಡ್ಡಪ್ಪನೇ ಅಲ್ಲಿ ಹಾಕಿ, ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರು. ಯಾರೂ ಉತ್ತರ ಕೊಟ್ಟಿರಲಿಲ್ಲ. ಅಪ್ಪ ಮೈಕಿನ ಗುರುತನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, "ಅಣ್ಣ" ಎಂದರು. ಮಾತು ಮುಂದುವರಿಯಲಿಲ್ಲ. ಅಳಿಸಿದರು. ಮತ್ತೆ ಒತ್ತಿದರು, ಮತ್ತೆ ಅಳಿಸಿದರು. ಎದ್ದು ನಿಂತರು.

"ಅಣ್ಣ, ನೀನ್ ಹಾಕಿರೋದು ನಾನೂ ನೋಡ್ದೆ. ಅದ್ರಲ್ಲಿ ಕಲ್ಲಿಗೆ ಅಡ್ಡ ನಿಂತವಳಲ್ಲ, ಅವಳು ನನ್ ಮಗಳೇ. ಕದಿಯೋಕ್ ಬಂದೋರು ಓಡೋಗ್ತಾರಣ್ಣ, ನಿಂತ್ಕೊಂಡು ಏಟ್ ತಿನ್ನಲ್ಲ. ಇನ್ನೊಂದ್ ಸಲ ಸೌಂಡ್ ಜಾಸ್ತಿ ಮಾಡ್ಕೊಂಡ್ ಕೇಳು. ಅವಳು ನಾಳೆ ಕಾಲೇಜಿಗೆ ಹೋಗ್ತಾಳೆ. ಮುಂದಕ್ಕೂ ಓದ್ತಾಳೆ. ನಾನ್ ಓದಿಸ್ತೀನಿ."

ಹೆಬ್ಬೆರಳು ಇನ್ನೂ ಒತ್ತಿಯೇ ಇತ್ತು, ಎತ್ತಿದರೆ ಮಾತು ಗ್ರೂಪಿಗೆ ಹೋಗುತ್ತದೆ. ಮಗಳು ತಲೆ ಎತ್ತಿ ಅಪ್ಪನನ್ನು ನೋಡಿದಳು. ಅವರು ಬೆರಳು ಎತ್ತಿದರು.